ಇಲಿಯೂ ಅಲ್ಲದ, ಆನೆಯೂ ಅಲ್ಲದ ನನ್ನ ಹದಿನಾಲ್ಕು ನೆರೆಯವರು

ಮಾನ್ಯ ಪ್ರಾಣಿ ನೋಂದಣಿ ಅಧಿಕಾರಿಗಳೇ,

ನನ್ನ ಬಳಿ ಆನೆಗಳಿಲ್ಲ. ಕಳೆದ ಗುರುವಾರ ನಿಮ್ಮ ಕಚೇರಿಯಿಂದ ಬಂದ ನೋಟೀಸಿನ ಪ್ರಕಾರ, ನಮ್ಮೂರು ಐನ್ ಸಫ್ರಾದ ಮೇಲ್ಬದಿಯ ಬಂಡೆಗಳಲ್ಲಿ ನಾನು ಪರವಾನಗಿ ಇಲ್ಲದೆ ಹದಿನಾಲ್ಕು ಆನೆಗಳನ್ನು ಸಾಕುತ್ತಿದ್ದೇನೆ. ಹದಿನೈದು ದಿನಗಳೊಳಗೆ ಅವುಗಳ ಸರಪಳಿ, ಲಾಯ ಮತ್ತು ಮಾವುತನ ವಿವರ ಒದಗಿಸಬೇಕು. ನನ್ನದು ಮೂರು ಕೋಣೆಯ ಮನೆ. ಅಂಗಳದ ಅಂಜೂರದ ಮರದಡಿ ನಾನೂ ನನ್ನ ಕತ್ತೆಯೂ ಒಟ್ಟಿಗೆ ನಿಂತರೆ ಒಬ್ಬರು ಬಿಸಿಲಿಗೆ ಸರಿಯಬೇಕು. ಆನೆಗಳನ್ನು ಎಲ್ಲಿ ಬಚ್ಚಿಟ್ಟಿದ್ದೇನೆಂದು ತಮ್ಮ ಊಹೆ? ಇದೇ ಹದಿನಾಲ್ಕು ಪ್ರಾಣಿಗಳನ್ನು ಫೆಬ್ರವರಿಯಲ್ಲಿ ತಾವೇ, ಇದೇ ಮೊಹರು ಒತ್ತಿ, ಇಲಿಗಳೆಂದು ಘೋಷಿಸಿದ್ದಿರಿ. ಎರಡು ತಿಂಗಳಲ್ಲಿ ಇಲಿ ಆನೆಯಾದ ಉದಾಹರಣೆ ಜೀವವಿಕಾಸದಲ್ಲಿ ಇನ್ನೊಂದಿಲ್ಲ. ಅಭಿನಂದನೆಗಳು.

ಈ ಬಹಿರಂಗ ಪತ್ರ ಓದುವ ಸಾರ್ವಜನಿಕರಿಗಾಗಿ ನಡೆದದ್ದನ್ನು ಹೇಳುತ್ತೇನೆ. ನಮ್ಮ ಬಂಡೆಗಳಲ್ಲಿರುವುದು ವಬರ್. ಮೊಲದಷ್ಟು ಗಾತ್ರ, ಕಂದು ಮೈ, ಗಿಡ್ಡ ಕಿವಿ, ಬಾಲವಿಲ್ಲ. ಬೆಳಿಗ್ಗೆ ಬಿಸಿಲಿಗೆ ಮೈ ಕಾಯಿಸುತ್ತ ಸಾಲಾಗಿ ಕೂತಿರುತ್ತವೆ. ಒಂದು ಮಾತ್ರ ಕಾವಲು ನಿಂತು, ಹದ್ದು ಕಂಡರೆ ಸಿಳ್ಳೆ ಹೊಡೆಯುತ್ತದೆ. ಈ ಚಳಿಗಾಲದಲ್ಲಿ ಅವು ಕೆಳಗಿಳಿದು ಬಾರ್ಲಿ ಪೈರು ಮೇಯ್ದದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಯಾರೋ ದೂರು ಕೊಟ್ಟರು. ತಾವು 'ದೊಡ್ಡ ಇಲಿಗಳ ನಿರ್ಮೂಲನೆ'ಗೆ ಆದೇಶ ಹೊರಡಿಸಿದಿರಿ. ನಿಮ್ಮ ಜನ ಬಂದು ನಮ್ಮ ಊರಿನ ನೀರಿನ ಊಟೆಯ ಮೇಲ್ಗಡೆ ವಿಷದ ಕಾಳು ಚೆಲ್ಲಿ ಹೋದರು. ಮೂರನೆಯ ದಿನ ಪಕ್ಕದ ಮನೆಯ ಹಿಲಾಲಾಳ ಮೇಕೆ ಸತ್ತಿತು. ಕೆಚ್ಚಲಲ್ಲಿ ಇನ್ನೂ ಹಾಲಿತ್ತು. ಆ ಊಟೆಯ ನೀರನ್ನು ನಾವೂ ಕುಡಿಯುತ್ತೇವೆ ಎಂಬುದು ಆಗ ಊರಿಗೆಲ್ಲ ಒಟ್ಟಿಗೆ ಹೊಳೆಯಿತು.

ಮರುದಿನ ನಾನು ನಿಮ್ಮ ಮೇಜಿನ ಮುಂದೆ ನಿಂತೆ. ನೆನಪಿರಬೇಕು.

"ಸಾಹೇಬ್ರೇ, ಅದು ಇಲಿ ಅಲ್ಲ, ವಬರ್," ಎಂದೆ.

"ನೋಡೋಕೆ ಇಲಿ ಥರ, ಕಡಿಯೋದೂ ಇಲಿ ಥರ. ಇನ್ನೇನು, ಒಂಟೆ ಅಂತ ಬರೀಲಾ?" ಎಂದಿರಿ.

"ಇಲಿ ಮೂರು ವಾರಕ್ಕೆ ಹೆರುತ್ತೆ. ಇದು ಏಳು ತಿಂಗಳು ಹೊರುತ್ತೆ. ಕಣ್ಣು ಬಿಟ್ಕೊಂಡೇ ಮರಿ ಹುಟ್ಟುತ್ತೆ. ಮೂವತ್ತೊಂದು ವರ್ಷ ಹೆರಿಗೆ ಮಾಡಿಸಿದೀನಿ, ಇಷ್ಟೂ ಗೊತ್ತಾಗಲ್ವಾ ನಂಗೆ?"

ನಿಮ್ಮ ಗುಮಾಸ್ತ ಶಿಬ್ಲಿ ತಲೆ ತಗ್ಗಿಸಿ ನಕ್ಕ. ಅವನು ಕಾಲು ಮುಂದಾಗಿ ಹುಟ್ಟಿದವನು, ನನ್ನ ಕೈಯಲ್ಲೇ. "ಚಿಕ್ಕಮ್ಮಾ, ನಾವೇನ್ ಮಾಡೋದು," ಎಂದ. "ರಿಜಿಸ್ಟರ್‌ನಲ್ಲಿ ಮೂರೇ ಕಾಲಂ. ಸಾಕುಪ್ರಾಣಿ, ಪೀಡೆ, ಸರ್ಕಸ್ ಪ್ರಾಣಿ. ಇದನ್ನ ಎಲ್ಲಿ ಹಾಕ್ಲಿ?"

ವಾರ ಕಳೆದು ಮತ್ತೆ ಬಂದೆ. ಈ ಸಲ ಜೊತೆಗೆ ಕರಕ್ ಪಟ್ಟಣದಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವ ನನ್ನ ತಂಗಿಯ ಮಗಳು ರುದೈನಾ ಇದ್ದಳು. ನನ್ನ ಕೈಯ ರೊಟ್ಟಿ ಬುಟ್ಟಿಯಲ್ಲಿ, ನೀರಿನ ತೊಟ್ಟಿಗೆ ಬಿದ್ದು ನಾನು ಎತ್ತಿ ಒರೆಸಿ ಬೆಚ್ಚಗಿಟ್ಟಿದ್ದ ಒಂದು ಎಳೆಯ ವಬರ್. ಬಟ್ಟೆ ಸರಿಸಿದ್ದೇ ತಡ, ಅದು ನಿಮ್ಮ ಕಡತಗಳ ಬೀರುವಿನ ಮೇಲೇರಿ ಕೂತಿತು, ತಾವು ಕುರ್ಚಿಯ ಮೇಲೇರಿ ನಿಂತಿರಿ. ಕೊನೆಗೆ ಅದನ್ನು ಇಳಿಸಿ ಪಾದ ತೋರಿಸಿದವಳು ರುದೈನಾ. ಶಿಬ್ಲಿ ಬೆರಳೆಣಿಸಿದ: ಮುಂದೆ ನಾಲ್ಕು, ಹಿಂದೆ ಮೂರು. ಹೆಚ್ಚಿನ ಬೆರಳುಗಳಲ್ಲಿ ಉಗುರಿನ ಬದಲು ಪುಟ್ಟ ಗೊರಸು. ಬಾಯಲ್ಲಿ ಮೇಲಿನ ಎರಡು ಹಲ್ಲು ದಂತದ ಹಾಗೆ ಬೆಳೆಯುತ್ತಲೇ ಇರುತ್ತವೆ.

"ಈಗ ಬದುಕಿರೋ ಪ್ರಾಣಿಗಳಲ್ಲಿ ಇದಕ್ಕೆ ಹತ್ತಿರದ ನೆಂಟರು ಅಂದ್ರೆ ಆನೆ, ಆಮೇಲೆ ನೀರಲ್ಲೇ ಬದುಕೋ ಸಮುದ್ರದ ಹಸು. ಇಲಿ ತುಂಬಾ ದೂರ," ಎಂದಳು ರುದೈನಾ.

ಕುರ್ಚಿಯ ಮೇಲಿಂದಲೇ ತಾವು ಕೇಳಿದಿರಿ: "ಹಾಗಾದ್ರೆ ಇದು ಯಾವಾಗ ಆನೆ ಆಗುತ್ತೆ?"

"ಆಗಲ್ಲ ಸರ್. ಅದು ಆನೆ ಆಗೋಕೆ ಹೊರಟಿಲ್ಲ."

"ಅಂದ್ರೆ ಆನೆ ಕುಗ್ಗಿ ಹೀಗಾಯ್ತಾ?"

"ಅದೂ ಅಲ್ಲ. ಇಬ್ಬರಿಗೂ ಬಹಳ ಹಿಂದೆ ಒಬ್ಬಳೇ ಅಜ್ಜಿ. ಆಮೇಲೆ ಅವರವರ ದಾರಿ ಅವರವರಿಗೆ."

ತಾವು ಗಂಭೀರವಾಗಿ ಶಿಬ್ಲಿಯ ಕಡೆ ತಿರುಗಿ, "ಬರ್ಕೋ. ಆನೆ ಕುಟುಂಬ," ಎಂದಿರಿ. ಅವನು ಬರೆದುಕೊಂಡ. ಆನೆ ನಿಮ್ಮಲ್ಲಿರುವುದು ಸರ್ಕಸ್ ಪ್ರಾಣಿಗಳ ಕಾಲಮ್ಮಿನಲ್ಲಿ ಮಾತ್ರ. ಹೀಗೆ ಹುಟ್ಟಿತು ಈ ನೋಟೀಸು.

ಮಾನ್ಯರೇ, ಎರಡು ತಪ್ಪುಗಳೂ ಒಂದೇ ತಪ್ಪು. ಮೊದಲು ಹೊರಗಿನ ರೂಪ ನೋಡಿ ನೆಂಟಸ್ತನ ಕಟ್ಟಿದಿರಿ. ಹಾಗೆ ನೋಡಿದರೆ ತಿಮಿಂಗಿಲ ಮೀನಾಗುತ್ತದೆ, ಬಾವಲಿ ಹಕ್ಕಿಯಾಗುತ್ತದೆ. ಆಮೇಲೆ ನೆಂಟಸ್ತನ ಕೇಳಿ, ಇಬ್ಬರೂ ಒಂದೇ ಎಂದುಕೊಂಡಿರಿ. ನನ್ನ ಚಿಕ್ಕಪ್ಪನ ಮಗ ಮಆನ್ ಪಟ್ಟಣದಲ್ಲಿ ಹಲ್ಲು ಕೀಳುವ ಡಾಕ್ಟರು. ಅದಕ್ಕಾಗಿ ಯಾರಾದರೂ ನನ್ನ ಮುಂದೆ ಬಾಯಿ ತೆರೆದು ಕೂತಿದ್ದಾರೆಯೇ? ನಮ್ಮ ಪೂರ್ವಿಕರು ಮಂಗಗಳೆಂದು ಕಾಫಿ ಅಂಗಡಿಯಲ್ಲಿ ಜಗಳವಾಡುವವರದೂ ಇದೇ ಪಾಡು: ಇವತ್ತು ಮರದ ಮೇಲಿರುವ ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಇನ್ನು, ಪ್ರಾಣಿಗಳೆಲ್ಲ ಒಂದು ಏಣಿ ಹತ್ತುತ್ತಿವೆ, ಮೇಲಿನ ಮೆಟ್ಟಿಲಲ್ಲಿ ನಾವಿದ್ದೇವೆ, ಎಲ್ಲರೂ ಬಡ್ತಿಗಾಗಿ ಕಾಯುತ್ತಿದ್ದಾರೆ ಎಂಬ ಕಲ್ಪನೆ ಸರ್ಕಾರಿ ಕಚೇರಿಯಲ್ಲಿ ಹುಟ್ಟಿದ್ದಿರಬೇಕು. ವಬರ್‌ಗೆ ಬಡ್ತಿ ಬೇಕಿಲ್ಲ. ಬಂಡೆ, ಬಿಸಿಲು, ಒಂದಿಷ್ಟು ಸೊಪ್ಪು ಸಾಕು.

ನೋಟೀಸನ್ನು ತಕ್ಷಣ ರದ್ದುಮಾಡಿ ಎಂದು ಬರೆಯಲು ಕೂತಾಗಲೇ ಶಿಬ್ಲಿ ಮನೆಗೆ ಬಂದ. ಚಹಾ ಕೊಟ್ಟೆ. ಲೋಟ ಕೆಳಗಿಡದೆ ಹೇಳಿದ: "ಚಿಕ್ಕಮ್ಮಾ, ರದ್ದು ಮಾಡಿ ಅಂತ ಮಾತ್ರ ಕೇಳ್ಬೇಡಿ. ಆನೆ ಅಂತ ಬರೆದ ಮೇಲೆ ಇಲಿ ಪಾಷಾಣ ಹಾಕೋ ಹಾಗಿಲ್ಲ ಅಂತ ಜನಾನ ವಾಪಸ್ ಕರೆಸ್ಕೊಂಡ್ರು. ಕಾಳೆಲ್ಲ ಗುಡಿಸ್ಕೊಂಡು ಹೋದ್ರಲ್ಲ, ಅದಕ್ಕೇ. ಆನೆ ಅಂತ ಬರೆದಿದ್ದನ್ನ ಅಳಿಸಿದ್ರೆ ತಿರುಗಾ ಪೀಡೆ ಕಾಲಮ್ಮಿಗೇ ಬರುತ್ತೆ."

ನಾನು ನಗಲಾರಂಭಿಸಿದೆ. ಅವನೂ ನಕ್ಕ, ಚಹಾ ಚೆಲ್ಲಿದ. ಗೋಡೆಯಾಚೆಯಿಂದ ಹಿಲಾಲಾ, "ಏನ್ರೇ ಅದು?" ಎಂದು ಕೇಳಿದಳು. ಹೇಳಿದೆವು. ಮೇಕೆ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ರಿಜಿಸ್ಟರಿಗೆ ನಾಲ್ಕನೆಯ ಕಾಲಂ ಎಳೆಯಿರಿ, 'ಕಾಡುಪ್ರಾಣಿ' ಎಂದು ತಲೆಬರಹ ಕೊಡಿ, ಅದರ ಕೆಳಗೆ 'ವಬರ್' ಎಂದು ಬರೆಯಿರಿ. ಹಿಲಾಲಾಳಿಗೆ ಹಾಲು ಕೊಡುವ ಮೇಕೆಯೊಂದನ್ನು ಕೊಡಿ. ಈ ಎರಡೂ ಆಗುವವರೆಗೆ ನೋಟೀಸನ್ನು ದಯವಿಟ್ಟು ಮುಟ್ಟಬೇಡಿ. ನೋಟೀಸಿನ ಜೊತೆ ಬಂದ ಆನೆ ಪರವಾನಗಿಯ ಅರ್ಜಿಯನ್ನು ಭರ್ತಿ ಮಾಡಿ ಇದರೊಂದಿಗೆ ಲಗತ್ತಿಸಿದ್ದೇನೆ. ಮಾವುತ: ನಾನೇ. ಲಾಯ: ಬೆಟ್ಟ. ಸರಪಳಿ: ಅಗತ್ಯ ಬಿದ್ದಿಲ್ಲ.

ಒಂದು ತಿದ್ದುಪಡಿ ಇದೆ. ಮಂಗಳವಾರ ಬೆಳಿಗ್ಗೆ ಮೇಲಿನ ಬಂಡೆಯಲ್ಲಿ ಮೂರು ಮರಿಗಳು ಹುಟ್ಟಿವೆ, ಕಣ್ಣು ಬಿಟ್ಟುಕೊಂಡೇ. ದಯವಿಟ್ಟು ಹದಿನೇಳು ಎಂದು ಓದಿಕೊಳ್ಳಿ.

ಇಂತಿ,
ಆನೆಯನ್ನು ಇನ್ನೂ ಕಣ್ಣಾರೆ ಕಾಣದ ಗಜಪಾಲಕಿ,
ಸಬ್ಹಾ ಅವ್ವಾದ್, ನಿವೃತ್ತ ಸೂಲಗಿತ್ತಿ, ಐನ್ ಸಫ್ರಾ