ಮೂರು ಪರದೆಗೆ ಒಂದು ಕಾರ್ಡು

ಸವಳಂಗ
ಭಾನುವಾರ, ೯ ಫೆಬ್ರವರಿ ೨೦೨೫

ಅಕ್ಷಿತಾಳ ಅಪ್ಪನವರಿಗೆ ಅಂಬಿಕಾ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಬಲಭುಜದ ನೋವು ನಿಜವಾಗಿ ಕಡಿಮೆಯಾಗಿದೆಯೋ, ಇಲ್ಲ ನನ್ನ ಬಾಯಿ ಮುಚ್ಚಿಸಲು ಹಾಗೆ ಹೇಳುತ್ತೀರೋ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಾ ಎಂದು ಕೇಳುವುದಿಲ್ಲ, ಮಾಡುವುದಿಲ್ಲ ಎಂದು ಗೊತ್ತಿದೆ. ಇಲ್ಲಿ ನಾನು, ಅಕ್ಷಿತಾ, ನಿಮ್ಮ ತಮ್ಮ ಕೆಂಚೇಶ ಎಲ್ಲರೂ ಕ್ಷೇಮ. ಅತ್ತೆಯೂ ಚೆನ್ನಾಗಿದ್ದಾರೆ. ನೀವು ಕೇಳುವವರಲ್ಲ, ಆದರೂ ಬರೆಯುತ್ತಿದ್ದೇನೆ. ಮನೆಮನೆಯಲ್ಲೂ ಫೋನ್ ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡಿ. ಗಾಡಿ ಓಡಿಸುವಾಗ ಫೋನ್ ಎತ್ತಬೇಡಿ ಎಂದು ಹೇಳಿದವಳು ನಾನೇ. ಗಾಡಿ ನಿಲ್ಲಿಸಿದರೆ ನಿಮಗೆ ನಿದ್ದೆ. ನಡುವೆ ಎಲ್ಲಾದರೂ ಸಿಕ್ಕಿದರೆ ನನಗೆ ಒಂದು ಮಾತು ಪೂರ್ತಿ ಆಡಲು ಬಿಡುವುದಿಲ್ಲ. ಕತ್ತಲಗೆರೆಯ ಮಾರುತೇಶ್ ನಿಮ್ಮ ಗುಜರಾತಿನ ಯಾರ್ಡಿಗೇ ಲೋಡ್ ತರುತ್ತಿದ್ದಾನಂತೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಈ ಸಲ ನಾನು ಮುಗಿಸುವವರೆಗೆ ನೀವು ಸುಮ್ಮನಿರಲೇಬೇಕು.

ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಯಾಕೆಂದರೆ ಇದನ್ನು ಯಾರೂ ನಿಮ್ಮ ಮುಂದೆ ನೆಟ್ಟಗೆ ಹೇಳಿಲ್ಲ. ಹೋದ ಮಳೆಗಾಲದಲ್ಲಿ ನೀವೂ ಕ್ಲೀನರೂ ಇದ್ದ ಲಾರಿ ಘಾಟಿಯಲ್ಲಿ ಮಗುಚಿತು. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ ದಿನವೇ ಅತ್ತೆ, ಇನ್ನು ಲಾರಿ ಸಾಕು, ನ್ಯಾಮತಿಯಲ್ಲಿ ಆಟೋ ಓಡಿಸು ಎಂದರು. ನೀವು ಹೂಂ ಎಂದಿರಿ. ಆಮೇಲೆ ಭುಜ ಎತ್ತಲು ಬಂದದ್ದೇ ತಡ, ಮೊದಲಿನದಕ್ಕಿಂತ ದೊಡ್ಡ ಟ್ರೇಲರ್ ಗಾಡಿ ಹತ್ತಿ ಹೊರಟುಬಿಟ್ಟಿರಿ. ಅತ್ತೆ ಹೊಸಲಿನಲ್ಲಿ ನಿಂತು, 'ಆ ಸ್ಟೇರಿಂಗ್ ಹಿಡಿದ್ಮ್ಯಾಲೆ ನನ್ ಕೂಡ ಮಾತಾಡಬ್ಯಾಡ' ಅಂದರು. ನೀವೂ ಆಡಲಿಲ್ಲ. ದಸರಾ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಗೆ ನಾನು ಫೋನನ್ನು ಅವರ ಕಿವಿಗೇ ಹಿಡಿದರೆ ಅವರು ಮುಖ ತಿರುಗಿಸಿದರು, ಆ ಕಡೆಯಿಂದ ನೀವು ಕಟ್ ಮಾಡಿದಿರಿ. ತಾಯಿ ಮಗ ಇಬ್ಬರದೂ ಒಂದೇ ಹಟ. ನಡುವೆ ಸಿಕ್ಕಿ ಒದ್ದಾಡುವವಳು ನಾನು. ನನಗೆ ನಿಮ್ಮಿಬ್ಬರ ಮೇಲೂ ಕೋಪವಿದೆ, ಅದನ್ನೂ ಬರೆದಿದ್ದೇನೆ, ಓದಿಕೊಳ್ಳಿ.

ಈಗ ಕೆಂಚೇಶನ ಕಂಪ್ಯೂಟರಿನ ವಿಷಯ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ಅದಕ್ಕೆ ಹೊಸದಾಗಿ ಹಾಕಿಸಿದ್ದಾನೆ. ಅದರ ಹೆಸರೆತ್ತಿದ ಕೂಡಲೇ ನೀವು ಫೋನಿನಲ್ಲಿ, 'ಹಾಡು ಮಾಡಾಕೆ ಗೇಮಿನ ಕಾರ್ಡ್ ಯಾಕ್ ಬೇಕು ಅವನಿಗೆ' ಎಂದು ರೇಗಿದಿರಿ. ಅದು ಅವನ ಸ್ವಂತ ದುಡಿಮೆ, ಆ ಮಾತು ಬಿಡಿ. ನಾನೂ ಅವನನ್ನು ಇದೇ ಪ್ರಶ್ನೆ ಕೇಳಿದ್ದೆ. ಬೇರೆ ಯಾರಾದರೂ ಆಗಿದ್ದರೆ ಹಾಡಿಗೇ ಬೇಕು ಎಂದು ಸುಳ್ಳು ಹೇಳುತ್ತಿದ್ದರು. ಇವನು ನನ್ನ ಮುಖ ನೋಡಿಕೊಂಡೇ ಹೇಳಿದ: 'ಅತ್ತಿಗೆ, ಹಾಡಿಗೆ ಅದು ಬೇಕಾಗೇ ಇಲ್ಲ. ಹಾಡಿನ ಕೆಲಸ ಎಲ್ಲ ಪ್ರೊಸೆಸರ್ ಮಾಡ್ತೈತೆ. ಕಾರ್ಡ್ ಬೇಕಾಗಿರೋದು ಮೂರು ಮಾನಿಟರಿಗೆ, ಆಮೇಲೆ ನಾನು ಆಟ ಆಡಾಕೆ.' ಆ ಪ್ರಾಮಾಣಿಕತೆ ಕಂಡು ಬೈಯಲು ಹೋದವಳು ನಕ್ಕುಬಿಟ್ಟೆ. ಮೂರು ಮಾನಿಟರ್ ಯಾಕೆಂದರೆ, ಒಂದರಲ್ಲಿ ತಮಟೆ, ಡೊಳ್ಳು, ದನಿ ಎಲ್ಲವೂ ಸಾಲುಸಾಲಾಗಿ ಕಾಣಬೇಕಂತೆ, ಇನ್ನೊಂದರಲ್ಲಿ ಯಾವುದನ್ನು ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದಿರಬೇಕಂತೆ, ಮೂರನೆಯದರಲ್ಲಿ ಹಾಡಿನ ವಿಡಿಯೋ. ಏಪ್ರಿಲ್‌ನ ಭೀಮ ಜಯಂತಿಗೆ ಜಗಳೂರಿನ ತಂಡದವರು ಇವನ ಹತ್ತಿರವೇ ಹಾಡು ಮಾಡಿಸುತ್ತಿದ್ದಾರೆ. ಒಂದೇ ಸಣ್ಣ ಪರದೆಯಲ್ಲಿ ಅದನ್ನೆಲ್ಲ ಸರಿಸಿ ಸರಿಸಿ ಇವನ ಕಣ್ಣು ಕೆಂಪಾಗಿದ್ದನ್ನು ನಾನೇ ನೋಡಿದ್ದೇನೆ.

ಹೊನ್ನಾಳಿಯಲ್ಲಿ ವಿನಯ್ ಕುಮಾರ್ ಎನ್ನುವವರ ಕಂಪ್ಯೂಟರ್ ಅಂಗಡಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದ. ನನ್ನ ಅಂಗನವಾಡಿಗೆ ರಜೆ ಇತ್ತು, ಹೋದೆ. ಹೋಗದೆ ಇದ್ದಿದ್ದರೆ ನಿಮ್ಮ ತಮ್ಮ ಎಂಥವನು ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ವಿನಯ್ ಕುಮಾರ್ ಮೊದಲು ಒಂದು ಕಾರ್ಡ್ ತೋರಿಸಿದರು. ಮೂರು ಫ್ಯಾನು, ನನ್ನ ಮೊಣಕೈಯುದ್ದ, ಬಣ್ಣಬಣ್ಣದ ದೀಪ ಬೇರೆ. ಹುಡುಗರೆಲ್ಲ ಇದನ್ನೇ ಕೇಳುತ್ತಾರಂತೆ. ಕೆಂಚೇಶನ ಕಣ್ಣು ಅದರ ಮೇಲೇ ಇತ್ತು, ಅದು ಸುಳ್ಳಲ್ಲ. ಆದರೂ ಟೇಪು ಹಿಡಿದು ಅಳೆದು ವಾಪಸ್ ಇಟ್ಟ. ನಮ್ಮ ಕಂಪ್ಯೂಟರಿನ ಡಬ್ಬಿಯೊಳಗೆ ಕೂರುವುದಿಲ್ಲ, ಪವರ್ ಸಪ್ಲೈಯನ್ನೂ ಬದಲಿಸಬೇಕು, ನಮ್ಮೂರಿನ ಕರೆಂಟಿಗೆ ಅಷ್ಟು ದೊಡ್ಡದನ್ನು ಸಾಕುವುದು ಕಷ್ಟ ಎಂದ. ಎರಡನೆಯದು ಯಾರೋ ಬಳಸಿ ಮಾರಿದ್ದು, ಅಗ್ಗ. ಅದನ್ನು ತಿರುಗಿಸಿ ಹಿಂಬದಿ ನೋಡಿದ. ಮಾನಿಟರ್ ಸಿಕ್ಕಿಸಲು ಎರಡೇ ಕಿಂಡಿ ಇದ್ದವು. ಮೂರನೆಯ ಮಾನಿಟರನ್ನು ತಲೆಯ ಮೇಲೆ ಹೊತ್ತುಕೊಳ್ಳುವುದೇ ಎಂದು ನಾನೇ ಅಂದೆ, ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಮೂರನೆಯದು ಮಧ್ಯಮ ಗಾತ್ರದ್ದು, ಎರಡು ಫ್ಯಾನು, ಕಿಂಡಿ ಬೇಕಾದಷ್ಟಿದ್ದವು. ಆಟಕ್ಕೆ ಸಾಕೇ ಎಂದು ನೋಡಿದ. ಒಂದು ಪರದೆಯಲ್ಲಿ ಆಡುವುದು ಬೇರೆ, ಮೂರರಲ್ಲೂ ಹರಡಿ ಆಡಿದರೆ ಕಾರ್ಡಿಗೆ ಮೂರು ಪಟ್ಟು ಕೆಲಸವಂತೆ. ಚಿತ್ರದ ನಯ ಸ್ವಲ್ಪ ಇಳಿಸಿಕೊಂಡರೆ ಸಾಕಾಗುತ್ತದೆ ಎಂದು ಒಪ್ಪಿದ. ನಾನು ಮುಗಿಯಿತು ಎಂದುಕೊಂಡು ಎದ್ದರೆ, ಇವನು ಚೀಲದಿಂದ ತನ್ನ ಹಾಡಿನ ಮೈಕು ತೆಗೆದ. ಅಂಗಡಿಯ ಸೀಲಿಂಗ್ ಫ್ಯಾನ್ ಆಫ್ ಮಾಡಿಸಿದ. ಬಂದ ಗಿರಾಕಿಗಳಿಗೆಲ್ಲ ಸ್ವಲ್ಪ ಹೊತ್ತು ಸುಮ್ಮನಿರಿ ಎಂದು ಕೈಮುಗಿದ. ಕಾರ್ಡನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿಸಿ, ಮೈಕನ್ನು ಹತ್ತಿರ ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣುಮುಚ್ಚಿ ಕೂತ. ಆಟ ಆಡದೆ ಇದ್ದಾಗ ಆ ಕಾರ್ಡಿನ ಫ್ಯಾನು ಪೂರ್ತಿ ನಿಂತುಬಿಡುತ್ತದೆ, ಹಾಡು ರೆಕಾರ್ಡ್ ಮಾಡುವಾಗ ಸದ್ದೇ ಬರುವುದಿಲ್ಲ. ನಮ್ಮದು ಒಂದೇ ಕೋಣೆ, ಹಾಡುವವರ ಪಕ್ಕದಲ್ಲೇ ಕಂಪ್ಯೂಟರ್ ಇರುವುದು, ಅದಕ್ಕೆ ಇಷ್ಟೆಲ್ಲ. ವಿನಯ್ ಕುಮಾರ್, 'ಎಲ್ಲಾರೂ ಎಷ್ಟು ಸ್ಪೀಡ್ ಐತೆ ಅಂತ ಕೇಳ್ತಾರಪ್ಪ, ಸದ್ದು ಎಷ್ಟು ಐತೆ ಅಂತ ಕೇಳಾಕೆ ಬಂದೋನು ನೀನೊಬ್ನೇ' ಅಂದರು. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ನೀವು ಇದ್ದಿದ್ದರೆ ನಿಮಗೂ ಆಗುತ್ತಿತ್ತು.

ಇನ್ನು ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಗಾಲಿ ಇರಲಿ, ಇಲ್ಲದಿರಲಿ, ಹೊಸ ಯಂತ್ರ ಬಂದರೆ ಅತ್ತೆಗೆ ಅದು ಗಾಡಿಯೇ. ಅಮಾವಾಸ್ಯೆಯ ದಿನ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದ ಕರಿದಾರವನ್ನು ಡಬ್ಬಿಯ ಪಕ್ಕದ ಜಾಲರಿಗೆ ಬಿಗಿಯಾಗಿ ಕಟ್ಟಿದರು. ಅಷ್ಟು ದಿನ ಆ ಕಂಪ್ಯೂಟರಿಗೆ ಬೈಯುತ್ತಿದ್ದವರು ದೃಷ್ಟಿಯಾಗಬಾರದು ಎಂದು ತಾವೇ ಕಟ್ಟಿದರಲ್ಲ ಎಂದು ನಾವೂ ಖುಷಿಪಟ್ಟೆವು. ಮಾರನೆಯ ದಿನ ಕೆಂಚೇಶ ಆಟ ಶುರು ಮಾಡಿದ್ದೇ ಒಳಗಿಂದ ಟರ್ರ್ ಎಂದು ಸದ್ದು, ಆಮೇಲೆ ಮೂರು ಪರದೆಯೂ ಕಪ್ಪು. ಜಗಳೂರಿನವರ ಹಾಡು ಅರ್ಧಕ್ಕೆ ನಿಂತಿತ್ತು. ಅವನ ಮುಖ ನೋಡಲಾಗಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊನ್ನಾಳಿಗೆ ಹೋದ. ಬಿಚ್ಚಿ ನೋಡಿದರೆ ಕರಿದಾರದ ತುದಿ ಜಾಲರಿಯೊಳಗೆ ನುಸುಳಿ ಕಾರ್ಡಿನ ಫ್ಯಾನಿಗೆ ಸುತ್ತಿಕೊಂಡಿತ್ತು. ಫ್ಯಾನು ನಿಂತು, ಕಾರ್ಡು ಕಾದು, ಕಂಪ್ಯೂಟರ್ ತಾನೇ ಆರಿಹೋಗಿತ್ತು. ದಾರ ಬಿಡಿಸಿದ ಮೇಲೆ ಸರಿಯಾಯಿತು, ಕಾರ್ಡಿಗೆ ಏನೂ ಆಗಿಲ್ಲ. ಹಿಂದಕ್ಕೆ ಬರುವಾಗ ವಿನಯ್ ಕುಮಾರ್ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಆಟದ ಸ್ಟೇರಿಂಗು, ಗೇರು, ಪೆಡಲುಗಳನ್ನೂ ಬಳಸಿಕೊಳ್ಳಲು ಕೊಟ್ಟು ಕಳಿಸಿದ್ದರು.

ಅತ್ತೆ ವಾದಕ್ಕೇ ನಿಂತರು. 'ಗಾಡಿಗೆ ಕಟ್ಟಿದ್ರೆ ಕಾಯ್ತೈತೆ, ಇದಕ್ಕೆ ಕಟ್ಟಿದ್ರೆ ಕೆಡ್ತೈತೆ ಅಂದ್ರೆ ಹೆಂಗೆ' ಅಂದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ. 'ನಿಮ್ಮ ಮಗನ ಹೊಸ ಗಾಡಿಗೆ ಕಟ್ಟಿದ್ದರೆ ಕಾಯುತ್ತಿತ್ತು ಬಿಡಿ' ಎಂದುಬಿಟ್ಟೆ. ಅವರು ಒಳಗೆ ಹೋಗಿ ಮಲಗಿದರು. ಆ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಅಕ್ಷಿತಾ ಶಾಲೆಯಿಂದ ಬಂದ ಮೇಲೆ ಎದ್ದು ಬಂದು ಕಂಪ್ಯೂಟರಿನ ಮುಂದೆ ನಿಂತು, 'ಏ ಕೆಂಚ, ಅದರಾಗೆ ಲಾರಿ ಆಟ ಐತೇನು, ಹಾಕು ನೋಡಾನ' ಅಂದರು.

ರೀ, ನಾನು ಹೇಗೆ ಬರೆಯಲಿ. ಕೆಂಚೇಶ ನಮ್ಮ ಕಡೆಯ ಲಾರಿಯಂತೆ ಬಲಗಡೆ ಡ್ರೈವರ್ ಸೀಟು ಇರುವ ಗಾಡಿಯನ್ನೇ ಹುಡುಕಿ ಹಾಕಿದ. ನಡುವಿನ ಪರದೆಯಲ್ಲಿ ಮುಂದಿನ ಗಾಜು, ಎಡಗಡೆಯದರಲ್ಲಿ ಕ್ಲೀನರ್ ಕಡೆಯ ಕಿಟಕಿ, ಬಲಗಡೆಯದರಲ್ಲಿ ಡ್ರೈವರ್ ಕಡೆಯ ಕಿಟಕಿ, ಎರಡರಲ್ಲೂ ಕನ್ನಡಿ. ಅತ್ತೆ ಕುರ್ಚಿಯಲ್ಲಿ ಕೂತು ಸೆರಗು ಸೊಂಟಕ್ಕೆ ಸಿಕ್ಕಿಸಿ, 'ಕೊಟ್ರ ಕೂರೋದು ಹಿಂಗೇನು' ಎಂದು ಕೇಳಿದರು. ಆರು ತಿಂಗಳಿನಲ್ಲಿ ಅವರ ಬಾಯಲ್ಲಿ ನಿಮ್ಮ ಹೆಸರು ಬಂದದ್ದು ಅದೇ ಮೊದಲು. ಮೊದಲ ದಿನ ಸಿಕ್ಕಿದ್ದಕ್ಕೆಲ್ಲ ಗುದ್ದಿದರು. ಎದುರಿಗೆ ಬಂದ ಬಸ್ಸಿನವನಿಗೆ ಬಾಯಿಗೆ ಬಂದ ಹಾಗೆ ಬೈದರು. ಅಕ್ಷಿತಾ ಬಿದ್ದು ಬಿದ್ದು ನಕ್ಕಳು. ಮರುದಿನ ಮತ್ತೆ ಕೂತರು. ಇದೇ ಅತ್ತೆ, ಅಂತರಘಟ್ಟಮ್ಮನವರೇ ನನಗೆ ಟಿವಿ ರಿಮೋಟ್ ಬರುವುದಿಲ್ಲ ಎನ್ನುತ್ತಿದ್ದದ್ದು ಎಂದು ನನಗೆ ಆಶ್ಚರ್ಯ. ಒಂದು ವಾರದಲ್ಲಿ ಗೇರು, ಕ್ಲಚ್ಚು, ಕನ್ನಡಿ ನೋಡುವುದು ಎಲ್ಲ ಕಲಿತರು. ಆಟದ ಹೊತ್ತಿಗೆ ಫ್ಯಾನು ಜೋರಾಗಿ ತಿರುಗಿದರೆ, 'ಎಂಜಿನ್ ಕಾದೈತೆ, ಸ್ವಲ್ಪ ನಿಲ್ಸಾನ' ಎಂದು ತಾವೇ ಬದಿಗೆ ಹಾಕುತ್ತಾರೆ.

ಮೊನ್ನೆ ಗುರುವಾರ, 'ಘಾಟಿ ದಾರಿ ಐತೇನು' ಎಂದರು. ಕೆಂಚೇಶ ನನ್ನ ಮುಖ ನೋಡಿದ. ಬೇಡ ಎಂದು ನಾನು ಕಣ್ಣಲ್ಲೇ ಹೇಳಿದೆ, ಅತ್ತೆ ಬಿಡಲಿಲ್ಲ. ಇಳಿಜಾರು, ಎಡಗಡೆ ಕಣಿವೆ, ಬಲಗಡೆ ಗುಡ್ಡ. ಬ್ರೇಕ್ ಒತ್ತಿಕೊಂಡೇ ಇಳಿಸಿದರು, ತಿರುವಿನಲ್ಲಿ ಗಾಡಿ ನಿಲ್ಲಲಿಲ್ಲ. ಬಲಗಡೆಯ ಪರದೆಯಲ್ಲಿ ಗುಡ್ಡ ಅವರ ಭುಜದ ಪಕ್ಕಕ್ಕೇ ಬಂತು. ಅವರು ಹೆದರಿ ಸ್ಟೇರಿಂಗನ್ನು ಆಚೆ ತಿರುಗಿಸಿದರು, ಲಾರಿ ಕಣಿವೆಗೆ ಹೋಯಿತು. ಮತ್ತೆ ಮೊದಲಿಂದ ಹಾಕಿಸಿದರು. ಮತ್ತೆ ಕಣಿವೆ. ಎಷ್ಟು ಸಲ ಇಳಿಸಿದರೂ ಗುಡ್ಡ ಹತ್ತಿರ ಬಂದಾಗ ಅವರ ಕೈ ಆಚೆಗೇ ಹೋಗುತ್ತಿತ್ತು. ಕೊನೆಗೆ ಸ್ಟೇರಿಂಗಿನಿಂದ ಕೈ ತೆಗೆದು ನನ್ನ ಕಡೆ ತಿರುಗಿ, 'ಅವತ್ತು ಕೊಟ್ರ ಎತ್ಲಾಗೆ ತಿರುಗಿಸಿದ್ದ' ಎಂದು ಕೇಳಿದರು. ಗುಡ್ಡದ ಕಡೆಗೆ ಎಂದೆ. ಗುಡ್ಡಕ್ಕೆ ಒರಗಿಸಿದ್ದಕ್ಕೇ ಲಾರಿ ದಾರಿಯ ಮೇಲೇ ಮಗುಚಿತು, ಅದಕ್ಕೇ ಅವರೂ ಕ್ಲೀನರೂ ಇಬ್ಬರೂ ಉಳಿದರು ಎಂದೆ. ಅವರು ಬಲಗಡೆಯ ಪರದೆಯನ್ನೇ ನೋಡುತ್ತಾ ಕೂತು, 'ನಾನು ಹೆದ್ರಿ ಆಚಿಗೆ ತಿರುಗಿಸ್ದೆ. ಅವನು ತನ್ ಮೈಮೇಲೆ ಎಳ್ಕೊಂಡಾನೆ, ಆ ಕ್ಲೀನರ್ ಉಳೀಲಿ ಅಂತ' ಎಂದರು.

ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಮದುವೆಯಾದಾಗಿನಿಂದ ನಿಮ್ಮ ಲಾರಿಯ ಮೇಲೆ ನನಗಿರುವ ಸಿಟ್ಟು ನಿಮಗೆ ಗೊತ್ತು, ಈಗಲೂ ಹೋಗಿಲ್ಲ. ಆದರೆ ನಿಮ್ಮ ಕೈಯ ಬೆಲೆ ನನಗೆ ಅವತ್ತು ತಿಳಿಯಿತು. ಆಸ್ಪತ್ರೆಯಲ್ಲಿ ನಿಮ್ಮ ಪಕ್ಕ ಕೂತಿದ್ದಾಗಲೂ ಗುಡ್ಡಕ್ಕೆ ಹೊಡೆದಿರಂತೆ ಎಂದು ಬೈದಿದ್ದೆನೇ ಹೊರತು, ಅದರ ಅರ್ಥ ನನಗೆ ಹೊಳೆದಿರಲಿಲ್ಲ. ನೀವೂ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು ಮಹಾರಾಯರೇ? ಇಂಥ ಗಂಡನನ್ನು, ಇಂಥ ಮೈದುನನನ್ನು, ಇಂಥ ಅತ್ತೆಯನ್ನು ಪಡೆದದ್ದಕ್ಕೆ ಸಂತೋಷಪಡಬೇಕೋ, ಮೂರೂ ಜನರ ಹಟಕ್ಕೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ.

ಜಗಳೂರಿನವರ ಹಾಡು ಮುಗಿದಿದೆ, ತುಂಬ ಚೆನ್ನಾಗಿ ಬಂದಿದೆ. ತಮಟೆಯ ಪೆಟ್ಟು ಎದೆಗೇ ಬಡಿಯುತ್ತದೆ, ನಡುವೆ ಎಲ್ಲೂ ಯಂತ್ರದ ಸದ್ದಿಲ್ಲ. ಅಕ್ಷಿತಾ ಕನ್ನಡದಲ್ಲಿ ಇಡೀ ತರಗತಿಗೆ ಮೊದಲು ಬಂದಿದ್ದಾಳೆ, ನಿಮಗೆ ಮುತ್ತು ಕಳಿಸಿದ್ದಾಳೆ. ಕೆಂಚೇಶ ಅಣ್ಣನಿಗೆ ಜೈಭೀಮ್ ಹೇಳಿದ್ದಾನೆ. ಚಳಿ ಇರುವಷ್ಟು ದಿನ ಭುಜಕ್ಕೆ ಶಾಲು ಸುತ್ತಿಕೊಳ್ಳಿ. ಹೋದ ದಾರಿಯೆಲ್ಲ ನಿಮಗೆ ಸಲೀಸಾಗಲಿ.

ನಿಮ್ಮ
ಅಂಬಿಕಾ

ಮತ್ತೆ: ಮಾರುತೇಶ್ ಆಗಲೇ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅತ್ತೆಗೆ ಟ್ರೇಲರನ್ನು ರಿವರ್ಸ್ ಹಾಕಲು ಬರುತ್ತಿಲ್ಲ. ಎಡಕ್ಕೆ ತಿರುಗಿಸಿದರೆ ಹಿಂದಿನ ಗಾಡಿ ಬಲಕ್ಕೆ ಹೋಗುತ್ತದೆ. ಕೆಂಚೇಶ ಹೇಳಿಕೊಡಲು ಹೋದರೆ, 'ನಿನಗೇನ್ ಗೊತ್ತೈತೆ, ಗೊತ್ತಿರೋನನ್ನ ಕೇಳ್ತೀನಿ' ಅಂದರು. ನಿನ್ನೆಯಿಂದ ತಮ್ಮ ಫೋನನ್ನು ಚಾರ್ಜಿಗೆ ಹಾಕುವುದು, ತೆಗೆಯುವುದು, ನೋಡುವುದು, ಇದೇ ಕೆಲಸ. ತಾವಾಗಿ ಮಾತ್ರ ಮಾಡುವುದಿಲ್ಲ, ನಿಮ್ಮ ತಾಯಿಯಲ್ಲವೇ. ಈ ಕಾಗದ ಸಿಕ್ಕಿದ ದಿನ ನನ್ನ ನಂಬರಿಗೆ ಮಾಡಬೇಡಿ, ಅವರದಕ್ಕೆ ಮಾಡಿ. ಹಳೆಯದೇನೂ ಎತ್ತಬೇಡಿ. ರಿವರ್ಸ್ ಹಾಕುವುದು ಹೇಗೆ ಎಂದಷ್ಟೇ ನಿಧಾನವಾಗಿ ಹೇಳಿಕೊಡಿ, ಬೇಗ ಅರ್ಥವಾಗದ ಹಾಗೆ ಹೇಳಿಕೊಡಿ.