ಎರಡು ಮ್ಯಾಗಜೀನ್‌ಗಳ ಪರೀಕ್ಷೆ

ಶ್ರೀಕಾರ್ಯಂ
ಗುರುವಾರ

ಅಪ್ಪನಿಗೆ ನಮಸ್ಕಾರ.

ನನ್ನ ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಳ್ಳುತ್ತದೆಂದು ನೀವು ಆಲುವದಿಂದ ತಂದುಕೊಟ್ಟ ಗುಂಡು ತುಂಬುವ ಇಟಲಿಯ ಮ್ಯಾಗಜೀನನ್ನೂ ಹಳೆಯ ಜರ್ಮನ್ ಮ್ಯಾಗಜೀನನ್ನೂ ಹೋಲಿಸಿ ನೋಡಿದೆ. ಎರಡು ವಾರ, ಶೂಟಿಂಗ್ ಅಭ್ಯಾಸದಲ್ಲಿ ದಿನಕ್ಕೆ ಅರವತ್ತು ಗುಂಡು. ಎರಡರಲ್ಲೂ ತಕರಾರಿಲ್ಲ. ಭಾನುವಾರಗಳಂದು ಮಾತ್ರ ಎರಡೂ ಕೈಕೊಟ್ಟವು. ಆ ಎರಡು ದಿನವೂ ನೀವು ನನ್ನ ಹಿಂದೆ ನಿಂತು ಅಂಕ ಎಣಿಸುತ್ತಿದ್ದಿರಿ.

“ಮಗಳೇ, ಮಣಿಕಟ್ಟು ಸಡಿಲವಾದರೆ ಯಾವ ಕಂಪನಿಯದ್ದೂ ಓಡಲ್ಲ” ಎಂದರು ಕೋಚ್.

ದಯವಿಟ್ಟು ಮೂರನೇ ಕಂಪನಿಯದ್ದನ್ನು ಹುಡುಕಬೇಡಿ. ಮುಂದಿನ ಶನಿವಾರ ಆಯ್ಕೆ ಸ್ಪರ್ಧೆ. ನೀವು ಬರಬೇಡಿ. ಮನೆಯಿಂದ ಯಾರಾದರೂ ಬರಲೇಬೇಕು ಅನ್ನಿಸಿದರೆ ಅಮ್ಮನನ್ನು ಕಳುಹಿಸಿ. ಅವಳಿಗೆ ಅಂಕ ಎಣಿಸಲು ಬರುವುದಿಲ್ಲ.

ಇಟಲಿಯದ್ದನ್ನೇ ಹಾಕಿಕೊಳ್ಳುತ್ತೇನೆ.

ನಿಮ್ಮ ಮಗಳು
ಹಂಸಾ