ಲಮ್ಹಾ ಜೊತೆ ನಾನೂ ನೀರಿಗಿಳಿಯುತ್ತೇನೆ

ಅಮ್ಮಾ,

ನೀನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದ ಈಜುಕನ್ನಡಕ ಸಿಕ್ಕಿತು. ಶಾಲೆಯ ದೋಣಿಯಲ್ಲಿ ಮಗಳು ಲಮ್ಹಾ ಜೊತೆ ನಾನೂ ಹವಳದ ದಿಬ್ಬಕ್ಕೆ ಹೋಗುತ್ತಿದ್ದೇನೆ. ನೀನು ನಮಾಜಿಗೆ ಕೂತಿದ್ದೆ. ಎದುರಿಗೆ ಹೇಳಲು ಧೈರ್ಯವೂ ಬರಲಿಲ್ಲ.

ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಮೀನಿನ ಸಾರು ಒಲೆಯ ಮೇಲಿದೆ. ಸಿಟ್ಟಿನಲ್ಲಿ ಬಿ.ಪಿ. ಮಾತ್ರೆ ಬಿಡಬೇಡ. ಮಾಲೆ ಪಟ್ಟಣಕ್ಕೆ ಫೋನ್ ಮಾಡಿ ಲಮ್ಹಾಳ ಅಪ್ಪನ ತಲೆ ತಿನ್ನಬೇಡ, ಅವರಿಗೆ ಗೊತ್ತು.

ಒಂದು ತಿಂಗಳಿಂದ ಹೊಲಿಗೆ ಕಲಿಯಲು ಹೋಗುತ್ತೇನೆ ಎಂದದ್ದು ಸುಳ್ಳು. ಝುಲೈಖಾ ಟೀಚರ್ ಹತ್ತಿರ ಈಜು ಕಲಿಯುತ್ತಿದ್ದೆ. ಅಣ್ಣನನ್ನು ಸೆಳವು ಎಳೆದುಕೊಂಡು ಹೋದ ಮೇಲೆ ಈ ಮನೆಯವರು ಯಾರೂ ಕಡಲಿಗೆ ಇಳಿಯಬಾರದು ಎಂದು ನೀನು ಹೇಳಿದೆ. ಹದಿನೇಳು ವರ್ಷ ನಾನು ಇಳಿಯಲಿಲ್ಲ. ಆದರೆ ಲಮ್ಹಾ ಕದ್ದು ಒಬ್ಬಳೇ ಇಳಿಯುತ್ತಿದ್ದಳು. ಕಣ್ಣಾರೆ ನೋಡಿ ಕಿವಿ ಹಿಂಡಿದೆ. "ನೀನ್ ಬರಲ್ಲ, ಅಜ್ಜಿ ಬಿಡಲ್ಲ, ಮತ್ಯಾರ ಜೊತೆ ಹೋಗ್ಲಿ?" ಎಂದಳು. ಮರುದಿನವೇ ಟೀಚರ್ ಹತ್ತಿರ ಹೋದೆ.

ಭಯವಿಲ್ಲ ಎನ್ನುವುದಿಲ್ಲ. ನೀರಿನಲ್ಲಿ ಮುಖವಿಟ್ಟರೆ ಈಗಲೂ ಬಾಯಲ್ಲಿ ಕಚ್ಚಿಕೊಳ್ಳುವ ಆ ಕೊಳವೆಯಲ್ಲಿ ಉಸಿರಾಡುವುದೇ ಮರೆತುಹೋಗುತ್ತದೆ. ಇವತ್ತು ಗಾಳಿ ಬೇರೆ ಇದೆ. ದಿಬ್ಬದ ಅಂಚು ದಾಟುವುದಿಲ್ಲ, ಅವಳ ಕೈ ಬಿಡುವುದಿಲ್ಲ. ನಿನ್ನಾಣೆ.

ನಾಲ್ಕಕ್ಕೆ ದೋಣಿ ವಾಪಸ್ ಬರುತ್ತದೆ. ಅಣ್ಣನಿಗಾಗಿ ಮೂರು ದಿನ ಕಾದ ಮೇಲೆ ನೀನು ದೋಣಿ ನಿಲ್ಲುವ ಧಕ್ಕೆಯ ಕಡೆ ಹೋಗಿಲ್ಲ, ಗೊತ್ತು. ಇವತ್ತೊಂದು ದಿನ ಬಾ. ಬೈಯುವುದಿದ್ದರೆ ಇಡೀ ದ್ವೀಪದ ಎದುರಿಗೆ ಬೈ. ದೋಣಿ ಒಳಗೆ ಬರುವಾಗ ನೀನು ಅಲ್ಲಿ ನಿಂತಿರಬೇಕು, ಅಷ್ಟೇ.

ರಝೀನಾ